ಮಗುವಿಲ್ಲದ ಬಾಣಂತನ

ಮಗಳು ಹುಟ್ಟಿದ ಮೇಲೆ ನನ್ನ ಹೊಕ್ಕುಳಿನ ಮೇಲೆ ಒಂದು ಉಬ್ಬು ಉಳಿದುಕೊಂಡಿತು. ಮೊದಮೊದಲು ನೆಲ್ಲಿಕಾಯಿಯಷ್ಟಿತ್ತು. ಮಲಗಿದರೆ ಒಳಗೆ ಹೋಗುತ್ತಿತ್ತು. ನಿಂತರೆ, ಕೆಮ್ಮಿದರೆ, ಮಗಳನ್ನು ಎತ್ತಿಕೊಂಡರೆ ಹೊರಗೆ ಬರುತ್ತಿತ್ತು. ಅವಳು ಓಡಾಡಿಕೊಂಡಿರುವ ಹೊತ್ತಿಗೆ ಅದು ನಿಂಬೆಹಣ್ಣಿನ ಗಾತ್ರಕ್ಕೆ ಬಂದು, ಸೀರೆಯ ನೆರಿಗೆಯನ್ನು ಎಲ್ಲಿ ಸಿಕ್ಕಿಸಿದರೂ ಒತ್ತುತ್ತಿತ್ತು. ಮಂಡ್ಯದಲ್ಲಿ ಸಣ್ಣದೊಂದು ಆಸ್ಪತ್ರೆ ನಡೆಸುತ್ತಿದ್ದ ಸರ್ಜನ್ನರು ಪರೀಕ್ಷೆ ಮಾಡಿ, ಹೊಟ್ಟೆಯ ಗೋಡೆಯಲ್ಲಿ ಬಿರುಕು ಬಿಟ್ಟಿದೆ, ಈಗ ಕೊಬ್ಬು ಇಣುಕುತ್ತಿದೆ, ಮುಂದೆ ಕರುಳೂ ಬರಬಹುದು, ಇದಕ್ಕೆ ಹರ್ನಿಯ ಅನ್ನುತ್ತಾರೆ, ಹೊಲಿಯಲೇಬೇಕು ಎಂದರು.

ಆಗ ನಾವು ಶಿವನಸಮುದ್ರದಲ್ಲಿದ್ದೆವು. ನನ್ನ ಗಂಡ ಅಲ್ಲಿನ ಪವರ್ ಹೌಸಿನಲ್ಲಿ ಸೂಪರ್‌ವೈಸರ್. ನಾನು ಮೈಸೂರಿನಲ್ಲಿ ಇತಿಹಾಸ ಎಂ.ಎ. ಮುಗಿಸಿ, ಮಳವಳ್ಳಿಯ ಕಾಲೇಜೊಂದರಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದೆ. ದಿನಾ ಬೆಳಿಗ್ಗೆ ಕ್ವಾರ್ಟರ್ಸಿನ ಎದುರು ಬಸ್ಸು ಹತ್ತಬೇಕು, ಸಂಜೆ ಅದೇ ಬಸ್ಸಿನಲ್ಲಿ ಇಳಿಯಬೇಕು. ತಾತ್ಕಾಲಿಕ ಎಂದರೆ ಕಾಲೇಜು ತೆರೆಯುವ ದಿನ ನಾನು ಇಲ್ಲದಿದ್ದರೆ ಬೇರೆಯವರು ಆ ಕುರ್ಚಿಯಲ್ಲಿ ಕೂರುತ್ತಾರೆ ಎಂದರ್ಥ. ಅದಕ್ಕೇ ಬೇಸಿಗೆ ರಜೆ ಶುರುವಾಗುತ್ತಲೇ ಆಪರೇಷನ್ ಆಗಲಿ ಎಂದು ಹಟ ಹಿಡಿದವಳು ನಾನೇ. ರಜೆ ಮುಗಿಯುವುದರೊಳಗೆ ಹೊಟ್ಟೆ ಗಟ್ಟಿಯಾಗಬೇಕಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಇದನ್ನು ಬರೆಯುವಾಗ ನನ್ನ ನೆನಪಿನ ಮೇಲೆ ನನಗೇ ಪೂರ್ತಿ ಭರವಸೆಯಿಲ್ಲ. ಯಾರು ಹೇಳಿದರು, ಯಾವಾಗ ಹೇಳಿದರು, ಅವರಿಗೆ ಅದು ಹೇಗೆ ಗೊತ್ತಾಯಿತು ಎಂದು ಕೇಳುವುದನ್ನು ಹುಡುಗರಿಗೆ ಕಲಿಸುತ್ತಿದ್ದವಳು ನಾನು. ಅದೇ ಪ್ರಶ್ನೆಗಳನ್ನು ನನ್ನ ವಿಷಯಕ್ಕೆ ಕೇಳಿಕೊಂಡರೆ ಉತ್ತರಗಳು ನಿಲ್ಲುವುದಿಲ್ಲ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವ ಅಭ್ಯಾಸವಿದೆ. ಆದರೆ ಆ ಬೇಸಿಗೆಯ ಪುಟಗಳಲ್ಲಿ ಇರುವುದೆಲ್ಲ ಬೇರೆಯವರು ನನಗೆ ಹೇಳಿದ್ದು. ನನ್ನ ಹೊಟ್ಟೆಯೊಳಗೆ ಏನಾಗುತ್ತಿತ್ತು ಎಂಬುದಕ್ಕೂ ನಾನು ಬೇರೆಯವರ ಸಾಕ್ಷಿಯನ್ನೇ ನಂಬಿಕೊಂಡಿದ್ದೆ.

ಮೊದಲನೆಯ ಆಪರೇಷನ್ ಚೆನ್ನಾಗಿಯೇ ಆಯಿತು ಎಂದು ಹೇಳಿದರು. ಹೊಲಿಗೆ ಬಿಚ್ಚುವವರೆಗೂ ಆಸ್ಪತ್ರೆಯಲ್ಲೇ ಇದ್ದೆ. ಒಂದು ಹೊಲಿಗೆಯ ಬಾಯಲ್ಲಿ ಸ್ವಲ್ಪ ಕೀವು ಕಂಡಿತ್ತು. ಸರ್ಜನ್ನರು ತೊಳೆದು ಪುಡಿ ಹಾಕಿ, ಒಣಗುತ್ತದೆ, ಆದರೆ ಕೀವಾದ ಕಡೆ ಹೊಲಿಗೆ ಸಡಿಲವಾಗುವ ಅಪಾಯ ಇದ್ದೇ ಇದೆ ಎಂದರು. ಮನೆಗೆ ಹೊರಡುವ ದಿನ ನನ್ನನ್ನೇ ಕೂರಿಸಿಕೊಂಡು ಎಲ್ಲವನ್ನೂ ವಿವರಿಸಿದರು. ಕೆಮ್ಮು ಬರದಂತೆ ನೋಡಿಕೊಳ್ಳಬೇಕು. ನೀರು ಚೆನ್ನಾಗಿ ಕುಡಿಯಬೇಕು, ಮಲಬದ್ಧತೆಯಾಗಿ ಮುಕ್ಕಿರಿಯುವಂತಾಗಬಾರದು. ಕೊಡ ಎತ್ತಬಾರದು, ಮಗುವನ್ನೂ ಎತ್ತಬಾರದು. ಗಾಯದ ಸುತ್ತ ಸ್ವಲ್ಪ ದಿನ ಗಟ್ಟಿ ಗಟ್ಟಿಯಾಗಿ ಗಂಟಿನ ಹಾಗೆ ಸಿಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಕೆಮ್ಮಿದಾಗ ಉಬ್ಬುವಂಥದ್ದು ಏನಾದರೂ ಕಂಡರೆ ತಡಮಾಡದೆ ಬರಬೇಕು. ಬೇಗ ಬಂದಷ್ಟೂ ಕೆಲಸ ಸಣ್ಣದು.

ಅಲ್ಲಿಂದ ನನ್ನನ್ನು ಹೊಳಲಿಗೆ, ತೌರುಮನೆಗೆ ಕರೆದುಕೊಂಡು ಹೋದರು. ಗಂಡ ಡ್ಯೂಟಿಗೆಂದು ಶಿವನಸಮುದ್ರಕ್ಕೆ ಹಿಂದಿರುಗಿದರು, ರಜೆ ಸಿಕ್ಕಾಗ ಬಂದು ಹೋಗುತ್ತಿದ್ದರು. ಅವ್ವ ನನಗಾಗಿ ಒಳಗಿನ ಕತ್ತಲೆ ಕೋಣೆಯನ್ನು ಸಾರಿಸಿ, ಹಗ್ಗದ ಮಂಚ ಹಾಕಿಸಿದ್ದಳು. ಮಂಚದ ಕೆಳಗೆ ಕೆಂಡದ ಬಾಣಲೆ, ಮೂಲೆಯಲ್ಲಿ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ. ನೋಡುತ್ತಲೇ ನನಗೆ ಅರ್ಥವಾಯಿತು. ನನ್ನ ಬಾಣಂತನಕ್ಕೆ ಏನೇನು ಮಾಡಿದ್ದಳೋ ಅದನ್ನೇ ಮಾಡಿದ್ದಳು. ಅವಳ ಲೆಕ್ಕದಲ್ಲಿ ಹೊಟ್ಟೆ ಬಿಚ್ಚಿ ಮುಚ್ಚಿದ ಹೆಂಗಸು ಎಂದರೆ ಬಾಣಂತಿ. ಮೈ ಹಸಿಯಾಗಿದೆ, ಅದನ್ನು ಒಣಗಿಸಬೇಕು. ಒಣಗಬೇಕೆಂದರೆ ಹೊಗೆ ಬೇಕು, ಖಾರ ಬೇಕು, ಕುದಿನೀರಿನ ಸ್ನಾನ ಬೇಕು, ಕುಡಿಯುವ ನೀರು ಮಾತ್ರ ಬೇಡ.

ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಅವ್ವ ಸಮಾಧಾನವಾಗಿ ಕೇಳಿಸಿಕೊಂಡಳು.

“ಡಾಕ್ಟ್ರು ಏನ್ ಮಕ್ಕಳ ಎತ್ತವ್ನಾ? ಒಟ್ಟೆ ವಿಚಾರ ನನ್ಗೆ ಬುಡು ಕಣವ್ವ,” ಎಂದಳು.

ಬಾಣಂತಿಯರಿಗೆ ನೀರು ಹಾಕುತ್ತಿದ್ದ ಊರ ಮುದುಕಿಯೊಬ್ಬಳು ದಿನಾ ಬರುತ್ತಿದ್ದಳು. ಮೊದಲ ದಿನ ಹೊಸ್ತಿಲಲ್ಲೇ ನಿಂತು ಕೋಣೆಯನ್ನೆಲ್ಲ ಕಣ್ಣಲ್ಲಿ ಹುಡುಕಿ, “ಮಗ ಎಲ್ಲವ್ವಾ? ಡಾಕ್ಟ್ರು ಬಾಡ್ಗೆಗೆ ಮಡಿಕಂಡ್ರಾ?” ಎಂದಳು. ಗಾಯ ನೋಯುವಷ್ಟು ನಗು ಬಂತು. ಅವಳು ನೀರು ಹಾಕಿ ಒರೆಸಿದ ಮೇಲೆ ಅವ್ವ ಹಳೆಯ ಸೀರೆಯ ಉದ್ದನೆಯ ತುಂಡನ್ನು ಹೊಟ್ಟೆಗೆ ಸುತ್ತಿ ಬಿಗಿಯಾಗಿ ಕಟ್ಟುತ್ತಿದ್ದಳು. ಕಟ್ಟುವ ಮುಂಚೆ ಅಂಗೈಯನ್ನು ಗಾಯದ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ಇರುತ್ತಿದ್ದಳು. ಬಿಸಿಯಾದ, ಒರಟು ಕೈ. ನನಗೆ ಅದು ಹಿತವಾಗುತ್ತಿತ್ತು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ವರ್ಷಗಟ್ಟಲೆ ಬಸ್ಸು, ಪಾಠ, ಅಡಿಗೆ ಎಂದು ಓಡಿದವಳಿಗೆ ಯಾರೋ ಮೈ ತೊಳೆದು ಬಟ್ಟೆ ಕಟ್ಟುತ್ತಾರೆ ಎಂದರೆ ವಾದ ಮಾಡುವ ಶಕ್ತಿ ತಾನಾಗಿಯೇ ಇಳಿದುಹೋಗುತ್ತದೆ.

ಹೊಗೆ ಎದೆಗೆ ಹಿಡಿಯಿತು. ಕೆಮ್ಮು ಬಂದಾಗ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಕೆಮ್ಮುತ್ತಿದ್ದೆ. ನೀರಿಲ್ಲದೆ ಹೊಟ್ಟೆ ಕಟ್ಟಿತು. ಸಾಂಬ್ರಾಣಿ ಹೊಗೆ ಜಾಸ್ತಿಯಾದ ಒಂದು ಬೆಳಿಗ್ಗೆ ಕೆಮ್ಮು ಬಿಡದೆ ಬಂತು, ಗಾಯದ ಕೆಳಗೆ ಏನೋ ಸಡಿಲವಾಯಿತು. ನೋವು ದೊಡ್ಡದಾಗಿರಲಿಲ್ಲ, ಹಳೆಯ ಪಂಚೆ ಮೆಲ್ಲಗೆ ಸೀಳಿದ ಹಾಗೆ. ಕೈಯಿಟ್ಟು ನೋಡಿದೆ. ಏನೋ ಇತ್ತು. ಆದರೆ ಡಾಕ್ಟರು ಹೇಳಿದ ಗಂಟೂ ಅಲ್ಲೇ ಇತ್ತಲ್ಲ! ಎರಡರಲ್ಲಿ ಯಾವುದು ಎಂದು ನನಗೆ ತಿಳಿಯಲಿಲ್ಲ. ಅವ್ವನನ್ನು ಕರೆದೆ. ಅವಳು ಅಂಗೈಯಿಟ್ಟಳು. ಎಷ್ಟೋ ಹೊತ್ತು ತೆಗೆಯಲಿಲ್ಲ ಎಂದು ಈಗ ನೆನಪಾಗುತ್ತದೆ, ಆದರೆ ಆಮೇಲೆ ತಿಳಿದದ್ದು ಆ ಹೊತ್ತನ್ನು ಹಿಗ್ಗಿಸಿರಬಹುದು. “ಏನಿಲ್ಲ ಬುಡು, ಗಾಯ ಬಿಗಿತಾ ಅದೆ,” ಎಂದು ಬಟ್ಟೆಯನ್ನು ಎಂದಿಗಿಂತ ಬಿಗಿಯಾಗಿ ಕಟ್ಟಿದಳು.

ನನಗೆ ಸಮಾಧಾನವಾಗಲಿಲ್ಲ. ಆ ವಾರ ಗಂಡ ಬಂದಾಗ ಎಲ್ಲವನ್ನೂ ಹೇಳಿ, ಮಂಡ್ಯಕ್ಕೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬನ್ನಿ, ಬರಬೇಕೆಂದರೆ ನಾನು ಇವತ್ತೇ ಬರುತ್ತೇನೆ ಎಂದೆ. ಅವರು ಸೈಕಲ್ಲಿನಲ್ಲಿ ಹೋಗಿ ಮಧ್ಯಾಹ್ನಕ್ಕೆ ವಾಪಸಾದರು. ಡಾಕ್ಟರು ಊರಲ್ಲಿಲ್ಲ, ನಾಳೆ ಸಿಗುತ್ತಾರಂತೆ ಎಂದರು. ಮಾರನೆಯ ದಿನ ಅವ್ವ, ಮದ್ದೂರಿನ ಕಡೆ ನೆಂಟರಲ್ಲಿ ಯಾರಿಗೋ ಹುಷಾರಿಲ್ಲ, ಮಾತಾಡಿಸಿ ಬರುತ್ತೇನೆ ಎಂದು ಬೆಳಿಗ್ಗೆಯೇ ಹೊರಟಳು. ನನ್ನ ಗಂಡ ಡಾಕ್ಟರ ಹತ್ತಿರ ಎಂದು ಹೊರಟರು. ಸಂಜೆ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಬಂದರು.

ಗಂಡ ಮಂಚದ ಪಕ್ಕ ಕೂತು ಹೇಳಿದ ಮಾತು ಇದು: “ಡಾಕ್ಟ್ರು ಸಿಕ್ಕಿದ್ರು. ಅದು ಗಾಯ ಕೂಡೋ ಗಂಟಂತೆ. ಕೆಮ್ಮಿದಾಗ ಗಟ್ಟಿ ಆಗೋದು ಸಹಜವಂತೆ. ಬಸ್ಸಲ್ಲಿ ಕುಲುಕಿಸ್ಕೊಂಡು ಬರೋದೇ ಅಪಾಯ, ಸುಮ್ನೆ ಮಲಗಿರ್ಲಿ ಅಂದ್ರು.”

ಆ ಹೊತ್ತು ಅವರ ಹಣೆಯಲ್ಲಿ ಕುಂಕುಮ ಇತ್ತೇ? ಇತ್ತು ಎಂದು ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಅಷ್ಟು ಸ್ಪಷ್ಟವಾಗಿ ಕಾಣುವುದರಿಂದಲೇ ಅನುಮಾನ. ನಿಜವಾಗಿಯೂ ಕಂಡಿದ್ದರೆ ಆಗಲೇ ಕೇಳುತ್ತಿರಲಿಲ್ಲವೇ? ದಿನಚರಿಯಲ್ಲಿ ಆ ದಿನ ಬರೆದದ್ದು, ಡಾಕ್ಟರು ಗಂಟು ಎಂದರಂತೆ, ನೆಮ್ಮದಿ, ಇಷ್ಟೇ. ನೆಮ್ಮದಿಯಾದದ್ದಂತೂ ಸತ್ಯ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಆಮೇಲೆ ಕೈಗೆ ಅದು ಸಿಕ್ಕಾಗಲೆಲ್ಲ, ಗಂಟು, ಡಾಕ್ಟರು ಹೇಳಿದ್ದಾರೆ ಎಂದುಕೊಂಡು ಕೈ ತೆಗೆಯುತ್ತಿದ್ದೆ.

ಕಾಲೇಜು ತೆರೆದ ದಿನ ನಾನು ಮಳವಳ್ಳಿಯಲ್ಲಿದ್ದೆ. ಹೊಟ್ಟೆಗೆ ಬಟ್ಟೆ ಬಿಗಿದುಕೊಂಡೇ ಬಸ್ಸು ಹತ್ತಿದ್ದೆ. ಗೆದ್ದೆ ಅನ್ನಿಸಿತ್ತು. ಹುಡುಗರು, ಸೀಮೆಸುಣ್ಣ, ಸ್ಟಾಫ್ ರೂಮಿನ ಕಾಫಿ, ಎಲ್ಲ ಮೊದಲಿನ ಹಾಗೇ. ಗಂಟು ಕರಗುವ ಬದಲು ದೊಡ್ಡದಾಗುತ್ತಿದೆಯಲ್ಲ ಎಂದು ಒಮ್ಮೆ ಗಂಡನಿಗೆ ಹೇಳಿದೆ. ನಿಂತು ಪಾಠ ಮಾಡುತ್ತೀಯಲ್ಲ, ಊತ ಇರುತ್ತದೆ, ಡಾಕ್ಟರು ಮೊದಲೇ ಹೇಳಿದ್ದರು ಎಂದರು. ಹಾಗೆ ಹೇಳುವಾಗ ಅವರು ಷೂ ಲೇಸು ಕಟ್ಟುತ್ತಿದ್ದರು, ತಲೆ ಎತ್ತಲಿಲ್ಲ.

ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಪಾಠದ ನಡುವೆ ಹೊಕ್ಕುಳಿನ ಹತ್ತಿರ ಯಾರೋ ಹಿಡಿದು ತಿರುಚಿದ ಹಾಗಾಯಿತು. ಮೇಜು ಹಿಡಿದು ನಿಂತೆ. ಹೊರಗೆ ಬಂದು ವಾಂತಿ ಮಾಡಿದೆ, ವಾಂತಿ ನಿಲ್ಲಲಿಲ್ಲ. ಸ್ಟಾಫ್ ರೂಮಿನ ಬೆಂಚಿನ ಮೇಲೆ ಮಲಗಿಸಿದರು. ಮಲಗಿದರೆ ಒಳಗೆ ಹೋಗಬೇಕಾದದ್ದು ಹೋಗಲಿಲ್ಲ. ಕಲ್ಲಿನ ಹಾಗೆ ನಿಂತಿತ್ತು, ಮುಟ್ಟಿದರೆ ಪ್ರಾಣ ಹೋಗುತ್ತಿತ್ತು. ಸಹೋದ್ಯೋಗಿಯೊಬ್ಬರು ಎಲ್ಲಿಂದಲೋ ಕಾರು ತಂದು ಮಂಡ್ಯಕ್ಕೆ ಕರೆದೊಯ್ದರು. ಪವರ್ ಹೌಸಿಗೆ ಫೋನು ಮಾಡಿ ಗಂಡನಿಗೆ ತಿಳಿಸಿದರು.

ಸರ್ಜನ್ನರು ಹೊಟ್ಟೆ ಮುಟ್ಟಿದರು. ಕರುಳು ಬಿರುಕಿನಲ್ಲಿ ಸಿಕ್ಕಿಕೊಂಡಿದೆ, ರಕ್ತ ಓಡುತ್ತಿಲ್ಲ, ಈಗಲೇ ತೆರೆಯಬೇಕು ಎಂದು ಪಕ್ಕದವರಿಗೆ ಹೇಳಿ, ನನ್ನ ಕಡೆ ತಿರುಗಿದರು. ಮುಖದಲ್ಲಿ ಕನಿಕರಕ್ಕಿಂತ ಸಿಟ್ಟಿತ್ತು.

“ಹೊಲಿಗೆ ಬಿಟ್ಟಿದೆ, ಇವತ್ತೇ ಕರ್ಕೊಂಡು ಬನ್ನಿ ಅಂತ ನಿಮ್ಮ ಯಜಮಾನ್ರಿಗೆ ಆವತ್ತೇ ಹೇಳಿದ್ದೆ. ಮನೆದೇವರ ಅಪ್ಪಣೆ ಆಗ್ಲಿಲ್ಲ, ಅದಕ್ಕೆ ಅವಳು ಬರೋದಿಲ್ಲ ಅಂತಾಳೆ ಅಂತ ಆಮೇಲೆ ಬಂದು ಹೇಳಿದ್ರು. ಓದು ಬರಹ ಇಲ್ದೋರು ಹಾಗಂದ್ರೆ ನಾನು ಸುಮ್ನಿರ್ತೀನಿ. ಎಂ.ಎ. ಮಾಡಿರೋರಮ್ಮ ನೀವು.”

ನಾನು ಏನೋ ಹೇಳಲು ಹೋದೆ. ಬಾಯಿಗೆ ಬಂದದ್ದು ಪಿತ್ತ. ಆಮೇಲೆ ಮುಖದ ಮೇಲೆ ಮುಸುಕು ಬಂತು, ಮತ್ತಿನ ವಾಸನೆ ಬಂತು. ನಾನು ಹೇಳದ ಮಾತಿನ ಅಪವಾದ ಹೊತ್ತುಕೊಂಡೇ ಒಳಗೆ ಹೋದೆ.

ಎಚ್ಚರವಾದಾಗ ಮೂಗಿನಲ್ಲಿ ಕೊಳವೆ, ಹೊಟ್ಟೆಯ ಮೇಲೆ ಎದೆಗೂಡಿನಿಂದ ಕೆಳಗಿನವರೆಗೂ ಪಟ್ಟಿ. ಕಪ್ಪಾಗಿದ್ದ ಕರುಳಿನ ಒಂದು ತುಂಡನ್ನು ಕತ್ತರಿಸಿ ತೆಗೆದಿದ್ದರು. ಬಹಳ ದಿನ ಹಾಸಿಗೆಯಲ್ಲೇ ಇರಬೇಕಾಯಿತು. ಅಷ್ಟರಲ್ಲಿ ಮಳವಳ್ಳಿಯಲ್ಲಿ ಬೇರೊಬ್ಬರು ಬಂದು ಪಾಠ ಶುರುಮಾಡಿದ್ದರು. ಯಾರನ್ನೂ ದೂರುವ ಹಾಗಿರಲಿಲ್ಲ, ಹುಡುಗರ ಪರೀಕ್ಷೆ ನಿಲ್ಲುತ್ತದೆಯೇ? ಆದರೆ ಯಾವುದಕ್ಕಾಗಿ ರಜೆಯಲ್ಲೇ ಹೊಟ್ಟೆ ಕೊಯ್ಯಿಸಿಕೊಂಡಿದ್ದೆನೋ ಅದೇ ಹೋಯಿತು.

ಮಾತಾಡಲು ಉಸಿರು ಬಂದ ಮೇಲೆ ಗಂಡನನ್ನು ಕೇಳಿದೆ. ಅವರು ಕಿಟಕಿಯ ಕಂಬಿ ಹಿಡಿದು, ಹೊರಗೆ ನೋಡುತ್ತಾ ಎಲ್ಲವನ್ನೂ ಹೇಳಿದರು. ನಾನು ಕಳಿಸಿದ ಮೊದಲ ದಿನವೇ ಡಾಕ್ಟರು ಸಿಕ್ಕಿದ್ದರು. ಇವರು ವಾಪಸು ಬಂದು ನನಗಿಂತ ಮೊದಲು ಜಗಲಿಯಲ್ಲಿದ್ದ ಅವ್ವನಿಗೆ ಹೇಳಿದರು. ಅವ್ವ ಅತ್ತಳು. ಮೊದಲನೆಯ ಆಪರೇಷನ್ ಆದಾಗ ನನಗೆ ಎಚ್ಚರವಾಗಲು ತುಂಬ ಹೊತ್ತು ಹಿಡಿದಿತ್ತಂತೆ, ತುಟಿ ನೀಲಿಯಾಗಿತ್ತಂತೆ, ನರ್ಸುಗಳು ಓಡಾಡಿದ್ದನ್ನು ಇಬ್ಬರೂ ಬಾಗಿಲ ಸಂದಿಯಲ್ಲಿ ನೋಡಿದ್ದರು. ಅದನ್ನೂ ಯಾರೂ ನನಗೆ ಹೇಳಿರಲಿಲ್ಲ. ಇನ್ನೊಂದು ಸಲ ಮತ್ತು ಕೊಟ್ಟರೆ ನನ್ನ ಮಗಳು ಏಳುವುದಿಲ್ಲ ಎಂದು ಅವ್ವ ಪಟ್ಟು ಹಿಡಿದಳು. ಕೊನೆಗೆ ಮನೆದೇವರನ್ನು ಕೇಳಿಬಿಡೋಣ ಎಂದಾಯಿತು.

ನಮ್ಮ ಮನೆದೇವರ ಗುಡಿ ಮದ್ದೂರು ದಾಟಿದ ಮೇಲೆ, ಚಿಕ್ಕರಸಿನಕೆರೆ ಕಡೆಗೆ ಹೋಗುವ ಬಸ್ಸಿನಿಂದ ಇಳಿದು ನಡೆಯುವಷ್ಟು ದೂರದಲ್ಲಿದೆ. ಅಲ್ಲಿ ಅಪ್ಪಣೆ ಕೇಳುವುದು ಹೀಗೆ: ದೇವರ ಮೈಮೇಲೆ ಒದ್ದೆ ಹೂಗಳನ್ನು ಅಂಟಿಸಿ, ಪೂಜಾರಿ ಪ್ರಶ್ನೆಯನ್ನು ಗಟ್ಟಿಯಾಗಿ ಹೇಳುತ್ತಾನೆ. ಬಲಗಡೆಯ ಹೂ ಉದುರಿದರೆ ಆಗಲಿ ಎಂದು, ಎಡಗಡೆಯದು ಉದುರಿದರೆ ಬೇಡ ಎಂದು. ಚಿಕ್ಕಂದಿನಲ್ಲಿ ಬಾವಿ ತೋಡಿಸುವುದಕ್ಕೆ, ಸಂಬಂಧ ಮಾಡುವುದಕ್ಕೆ ಕೇಳಿದ್ದನ್ನು ನಾನೂ ನೋಡಿದ್ದೇನೆ. ನೆಂಟರ ಮನೆಗೆ, ಡಾಕ್ಟರ ಹತ್ತಿರಕ್ಕೆ ಎಂದು ಹೊರಟಿದ್ದ ಇಬ್ಬರೂ ಅಂದು ಹೋದದ್ದು ಅಲ್ಲಿಗೆ. ಪೂಜಾರಿ ನನ್ನ ಹೊಟ್ಟೆಯ ವಿಚಾರವನ್ನು ಗಟ್ಟಿಯಾಗಿ ಹೇಳಿದ್ದಾನೆ. ಗುಡಿಯಲ್ಲಿ ಕೂತಿದ್ದವರೆಲ್ಲ ಕೇಳಿದ್ದಾರೆ. ಹೂ ಎಡಕ್ಕೆ ಉದುರಿದೆ. ಊರಿಗೆ ಬಂದು ಅವ್ವ ನೀರು ಹಾಕುವ ಮುದುಕಿಗೂ ಹೇಳಿದ್ದಾಳೆ, ಬಿಗಿಯಾಗಿ ಉಜ್ಜಬೇಡ ಎಂದು. ಹೊಲಿಗೆ ಬಿಟ್ಟಿದೆ ಎಂಬುದು ಡಾಕ್ಟರಿಗೆ ಗೊತ್ತಿತ್ತು, ದೇವರಿಗೆ ಗೊತ್ತಿತ್ತು, ಪೂಜಾರಿಗೆ, ಮುದುಕಿಗೆ, ಗುಡಿಯ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದವರಿಗೆಲ್ಲ ಗೊತ್ತಿತ್ತು.

“ನಿಮ್ಮಮ್ಮನ ಮಾತು ಮೀರೋಕಾಗ್ಲಿಲ್ಲ,” ಎಂದರು.

“ಮೀರಬೇಡಿ. ಡಾಕ್ಟ್ರು ಗಂಟು ಅಂದ್ರು ಅಂತ ಯಾಕೆ ಹೇಳಿದ್ರಿ?”

ಅವರು ಆಗ ನನ್ನ ಕಡೆ ತಿರುಗಿದರು. ಇಷ್ಟು ಸರಳವಾದದ್ದು ನನಗೆ ಹೇಗೆ ಹೊಳೆಯಲಿಲ್ಲ ಎಂಬ ಆಶ್ಚರ್ಯ ಅವರ ಮುಖದಲ್ಲಿತ್ತು.

“ದೇವ್ರು ಬೇಡ ಅಂತು ಅಂದಿದ್ರೆ ನೀನು ಕೇಳ್ತಿದ್ಯಾ?”

ಕೇಳುತ್ತಿರಲಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಯಾರ ಮಾತಿಗೆ ತಲೆಬಾಗುತ್ತೇನೆ ಎಂಬುದೂ ಗೊತ್ತಿತ್ತು. ಅದಕ್ಕೇ ದೇವರ ಮಾತನ್ನು ಡಾಕ್ಟರ ಬಾಯಲ್ಲಿ ಹೇಳಿಸಿ ನನ್ನನ್ನು ಮಲಗಿಸಿದರು. ಡಾಕ್ಟರಿಗೆ ಮುಖ ತೋರಿಸಬೇಕಾಗಿ ಬಂದಾಗ ದೇವರ ಮಾತನ್ನು ನನ್ನ ಬಾಯಲ್ಲಿ ಹೇಳಿಸಿದರು. ನನ್ನ ಓದು ನನ್ನನ್ನು ಕಾಯುತ್ತದೆ ಎಂದುಕೊಂಡಿದ್ದೆ. ನನ್ನನ್ನು ನಂಬಿಸಲು ಅವರಿಗೆ ಅದೇ ದಾರಿಯಾಯಿತು.

ಮಾರನೆಯ ದಿನ ಅವ್ವ ಬಂದಳು. ಮಂಚದ ಕಬ್ಬಿಣದ ಅಂಚಿಗೆ ಕೈಯೂರಿ ನಿಂತು ನನ್ನ ಮುಖವನ್ನೇ ನೋಡಿದಳು. ನಿನ್ನ ಕೈಗೆ ಸಿಕ್ಕಿತ್ತು ತಾನೆ, ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ.

“ಯೋಳಿದ್ರೆ ನೀನು ಓಯ್ತಿದ್ದೆ.”

“ಹೋಗ್ಬೇಕಾಗಿತ್ತು ಕಣವ್ವ.”

“ಅದ್ಕೇಯ ಯೋಳ್ನಿಲ್ಲ.” ನನ್ನ ಹೊದಿಕೆ ಸರಿಮಾಡುತ್ತಾ, “ಆಗ ಕೊಯ್ದಿದ್ರೆ ಓಗ್ಬುಡ್ತಿದ್ದೆ. ಈಗ ಬದುಕಿದ್ದೀಯ. ದೇವ್ರು ಕಾಲ ನೋಡೇ ಯೋಳಿರದು,” ಎಂದಳು.

ನಾನು ಬದುಕಿರುವುದೇ ಅವಳಿಗೆ ಸಾಕ್ಷಿ. ಆಗ ಹೋಗಿದ್ದರೆ ಸಣ್ಣ ಹೊಲಿಗೆಯಲ್ಲಿ ಮುಗಿಯುತ್ತಿತ್ತು, ಕರುಳು ಉಳಿಯುತ್ತಿತ್ತು, ಕೆಲಸವೂ ಉಳಿಯುತ್ತಿತ್ತು ಎಂದೆ. ಆದರೆ ಆಗದೇ ಇದ್ದದ್ದಕ್ಕೆ ನಾನು ಯಾವ ಸಾಕ್ಷಿ ಕೊಡಲಿ? ಅವಳು ಹೇಳಿದಂತೆ ಆಗ ನಾನು ಏಳದೇ ಹೋಗುವ ಸಂಭವವೂ ಇತ್ತು. ಅದನ್ನು ತೂಗಿ ನೋಡುವ ಹಕ್ಕು ನನ್ನದಾಗಿತ್ತು ಎಂದು ಮಾತ್ರ ಹೇಳಬಲ್ಲೆ. ಅವ್ವನಿಗೆ ಹಕ್ಕು ಎಂಬ ಮಾತು ಗದ್ದೆಯ ಬದುವಿನ ವಿಚಾರದಲ್ಲಿ ಗೊತ್ತಿತ್ತು. ಮಗಳ ಹೊಟ್ಟೆಯ ವಿಚಾರದಲ್ಲಿ ಗೊತ್ತಿರಲಿಲ್ಲ.

ಬರಬರುತ್ತಾ ಅವ್ವನ ಮೇಲಿನ ಸಿಟ್ಟು ಇಳಿಯಿತು. ಅವಳು ಹೆದರಿದ್ದಳು, ನಂಬಿದ್ದಳು, ನಂಬಿದಂತೆ ನಡೆದಳು. ಗಂಡನ ವಿಷಯದಲ್ಲಿ ಹಾಗಾಗಲಿಲ್ಲ. ಅವರು ದೇವರನ್ನು ಅಷ್ಟಾಗಿ ನಂಬಿದವರಲ್ಲ, ಡಾಕ್ಟರನ್ನು ಅಲ್ಲಗಳೆದವರೂ ಅಲ್ಲ. ಮೂರು ಕಡೆ ಮೂವರಿಗೆ ಬೇಕಾದ ಮಾತು ಹೇಳಿ, ಎಲ್ಲರನ್ನೂ ಸುಮ್ಮನಿರಿಸಿದರು. ಕೆಟ್ಟ ಮನುಷ್ಯನಲ್ಲ. ಆಸ್ಪತ್ರೆಯಲ್ಲಿ ನನ್ನ ವಾಂತಿಯ ಬೋಗುಣಿಯನ್ನು ತಾವೇ ತೊಳೆದರು. ಆದರೂ ಅವರ ಬಾಯಿಂದ ಇನ್ನೊಬ್ಬರ ಮಾತು ಬಂದಾಗ, ತರಕಾರಿಯವನ ಮಾತಾದರೂ ಸರಿ, ಇದು ಅವನೇ ಹೇಳಿದ್ದೇ ಎಂಬ ಪ್ರಶ್ನೆ ನನ್ನೊಳಗೆ ಏಳುವುದು ನಿಲ್ಲಲೇ ಇಲ್ಲ.

ಸರ್ಜನ್ನರಿಗೆ ನಿಜ ಹೇಳಲು ಪ್ರಯತ್ನ ಪಟ್ಟೆ. ನಾನು ಬರುವುದಿಲ್ಲ ಎಂದಿರಲಿಲ್ಲ, ನನಗೆ ವಿಷಯವೇ ತಿಳಿದಿರಲಿಲ್ಲ ಎಂದೆ. ಅವರು ನಾಡಿ ನೋಡುತ್ತಾ, “ಆಗ್ಲಿ ಬಿಡಿಯಮ್ಮ, ಆಗಿದ್ದು ಆಯ್ತು,” ಎಂದು ನಕ್ಕರು. ತಪ್ಪು ಮಾಡಿದವರು ಆಮೇಲೆ ಹೇಳುವ ಮಾತು ಅವರಿಗೆ ಹೊಸದಾಗಿರಲಿಲ್ಲ.

ಎರಡನೆಯ ಗಾಯ ಮಾಗಿತು, ಆದರೆ ಹೊಟ್ಟೆ ಮೊದಲಿನದಾಗಲಿಲ್ಲ. ಗಾಯದ ಸುತ್ತ ಚರ್ಮಕ್ಕೆ ಸ್ಪರ್ಶ ತಿಳಿಯುತ್ತಿರಲಿಲ್ಲ. ಒಳಗೆ ಆಗಾಗ ಹಿಡಿದೆಳೆದ ಹಾಗೆ ನೋವು. ಕರುಳು ಗಾಯಕ್ಕೆ ಅಂಟಿಕೊಂಡರೆ ಹಾಗಾಗುತ್ತದೆ, ಗಮನವಿರಲಿ ಎಂದಿದ್ದರು. ಆಮೇಲೆ ಎಷ್ಟೋ ವರ್ಷ ತೋರಿಸಿಕೊಳ್ಳಲು ಮಂಡ್ಯಕ್ಕೆ ಹೋಗುತ್ತಿದ್ದೆ. ಗಂಡ ಜೊತೆಗೆ ಬರುತ್ತಿದ್ದರು. ಮೊದಲ ಸಲ ನನ್ನ ಹಿಂದೆಯೇ ಒಳಗೆ ಬರಲು ಎದ್ದರು. ನೀವು ಇಲ್ಲೇ ಕೂತಿರಿ ಎಂದೆ. ಕೂತರು. ಮತ್ತೆಂದೂ ಏಳಲಿಲ್ಲ.

ಒಂದು ಸಲ ನಾನು ಒಳಗಿಂದ ಬರಲು ತಡವಾಯಿತು. ಹೊರಗೆ ಬಂದಾಗ ಅವರು ಬೆಂಚಿನ ತುದಿಗೆ ಬಂದು ಕೂತಿದ್ದರು.

“ಏನಂದ್ರು?” ಎಂದು ಕೇಳಿದರು.

“ಏನಿಲ್ಲ. ಎಲ್ಲಾ ಸರಿಯಾಗಿದೆಯಂತೆ.”

ಅಂದು ಅದು ನಿಜವೇ ಆಗಿತ್ತು. ಅವರು ಪವರ್ ಹೌಸಿನಲ್ಲಿ ಮೀಟರಿನ ಮುಳ್ಳನ್ನು ನೋಡುವ ಹಾಗೆ ನನ್ನ ಮುಖವನ್ನು ನೋಡಿದರು. ಇನ್ನೊಂದು ಮಾತು ಸೇರಿಸಿದ್ದರೆ ನಂಬುತ್ತಿದ್ದರೇನೋ. ನಾನು ಸೇರಿಸಲಿಲ್ಲ. ಅವರು ಬಸ್ ಸ್ಟ್ಯಾಂಡಿನವರೆಗೂ ನನಗಿಂತ ಸ್ವಲ್ಪ ಹಿಂದೆ ನಡೆದುಕೊಂಡು ಬಂದರು.